ಧಾಟಿ ಯಾರದು, ಹಾಡು ಯಾರದು

ಗೀಗೀ ಹಾಡವರಿಗೆ "ನೀ ಅವರ ಧಾಟಿ ಎತ್ತಿಕೊಂಡಿ" ಅಂದ್ರ ಸಿಟ್ಟು ಬರೂದಿಲ್ಲ. ನಮ್ಮ ಕಸಬಿನಾಗ ಅದು ನಡಿಯೂ ಮಾತು. ಹರದೇಶಿ ಮೇಳದವರು ಗಂಡು ಹೆಚ್ಚು ಅಂತ ಒಂದು ಧಾಟಿಯೊಳಗ ಹಾಡಿ ಸವಾಲ್ ಹಾಕಿದ್ರ, ನಾಗೇಶಿ ಮೇಳದವರು ಅದೇ ಧಾಟಿ ಹಿಡಿದು ಹೆಣ್ಣು ಹೆಚ್ಚು ಅಂತ ಜವಾಬ್ ಕೊಡಬೇಕು. ಧಾಟಿ ಅದೇ ಇರಬೇಕು, ಅರ್ಥ ತಿರುಗಿ ನಿಲ್ಲಬೇಕು. ಧಾಟಿ ಬಿಟ್ಟು ಬ್ಯಾರೆ ಕಡಿ ಓಡಿದವನಿಗೆ ಕೂತ ಮಂದಿನೇ ನಗತಾರ. ಮರಾಠಿ ಶಾಹಿರರಲ್ಲಿ ಸುದ್ದಾ ಹಿಂಗೇ ಅದ. ಅವರು ತುರಾ ಮತ್ತು ಕಲಗಿ ಅಂತಾರ. ಒಬ್ಬರದು ಶಿವನ ಪಕ್ಷ, ಇನ್ನೊಬ್ಬರದು ಶಕ್ತಿಯ ಪಕ್ಷ. ಡಫ್ ಅದೇ, ತುಂತುಣಿ ಅದೇ, ಜಗಳ ಬ್ಯಾರೆ.

ಅದಕ್ಕೇ ನಮ್ಮ ವಾಚನಾಲಯದ ಹುಡುಗರು "ಇನ್‌ಸ್ಟಾಗ್ರಾಮ್‌ನವರು ಎಲ್ಲಾ ನಕಲ ಹೊಡದಾರ", "ಯೂಟ್ಯೂಬ್‌ನವರು ಏನ್ ಕಡಿಮಿ" ಅಂತ ವಾದ ಹಚ್ಚಿದಾಗ, ಈ ವಿಷಯದಾಗ ಮಾತಾಡಲಿಕ್ಕೆ ನನಗೂ ಅಧಿಕಾರ ಅದ ಅನ್ನಿಸ್ತು. ನಾ ಏಳನೇ ಇಯತ್ತೆ ಕಲಿತವ, ಒಕ್ಕಲುತನ ಮಾಡವ. ಯಂತ್ರದ ಒಳಗಿನ ಸಂಗತಿ ನನಗ ತಿಳಿಯೂದಿಲ್ಲ. ಆದ್ರ ಒಬ್ಬರ ಚೀಜು ಇನ್ನೊಬ್ಬರು ಹೆಂಗ ತಗೋತಾರ, ತಗೊಂಡು ಏನು ಮಾಡತಾರ ಅನ್ನೂದು ನಲವತ್ತು ವರ್ಷ ಕಟ್ಟಿ ಮ್ಯಾಲ ಕೂತು ನೋಡೀನಿ. ತಾರೀಖುಗಳು ಸೋಲಾಪುರದಾಗ ಬಿ.ಕಾಂ. ಓದೂ ಮೊಮ್ಮಗಳು ಓದಿ ಹೇಳಿದಳು, ನಾ ಹಾಡಿನ ವಹಿಯೊಳಗ ಬರಕೊಂಡೆ. ವಿಮರ್ಶೆ ಮಾತ್ರ ನನ್ನದು.

ಮೊದಲಿಗೆ ಸಣ್ಣ ಸಣ್ಣ ಕೈಗಡ ಮುಗಿಸಿ ಬಿಡ್ತೀನಿ. ಹ್ಯಾಶ್‌ಟ್ಯಾಗ್ ಅಂತ ಜಾಳಗಿಯಂಥ ಗುರ್ತು ಇರತದಲ್ಲ, ಅದು ಯಾವ ಕಂಪನಿ ಮಾಲಕನ ತಲಿಯಿಂದ ಬಂದದ್ದಲ್ಲ. 2007ರ ಆಗಸ್ಟ್‌ದಾಗ ಕ್ರಿಸ್ ಮೆಸಿನಾ ಅನ್ನವ, ಟ್ವಿಟರ್ ಉಪಯೋಗ ಮಾಡೂ ಒಬ್ಬ ಮನಿಷ್ಯಾ, ಹಿಂಗ ಮಾಡಿದ್ರ ಹೆಂಗ ಅಂತ ಸೂಚಿಸಿದ. ಟ್ವಿಟರ್ ತಗೊಂಡಿತು, ಇನ್‌ಸ್ಟಾಗ್ರಾಮ್ ತಗೊಂಡಿತು, 2013ರಾಗ ಫೇಸ್‌ಬುಕ್ ಸುದ್ದಾ ತಗೊಂಡಿತು. ಕೇಳವರ ನಡುವಿನಿಂದ ಒಬ್ಬ ಎದ್ದು ಪಲ್ಲವಿ ಕೊಟ್ಟ, ಎಲ್ಲಾ ಮೇಳದವರು ಹಾಡಿದರು ಅಂದಂಗ. ಇದರಾಗ ನನ್ನ ತಕರಾರು ಇಲ್ಲ. ಲೈಕ್ ಗುಂಡಿದು ಬ್ಯಾರೆ ಕಥಿ. ಫ್ರೆಂಡ್‌ಫೀಡ್ ಅಂತ ಒಂದು ಸಣ್ಣ ಕಂಪನಿಯಾಗ ಅದು ಮೊದಲೇ ಇತ್ತು. ಫೇಸ್‌ಬುಕ್ 2009ರ ಫೆಬ್ರುವರಿಯಾಗ ತನ್ನಲ್ಲಿ ಹಚ್ಚಿತು. ಅದೇ ವರ್ಷ ಆಗಸ್ಟ್‌ದಾಗ ಫ್ರೆಂಡ್‌ಫೀಡನ್ನೇ ಕೊಂಡುಬಿಟ್ಟಿತು. ಧಾಟಿ ಮೊದಲು ಎತ್ತಿಕೊಂಡು ಆಮ್ಯಾಲ ಮೇಳಾನೇ ಖರೀದಿ ಮಾಡಿದ ಗೌಡನ್ನ ನಾ ನಮ್ಮ ಕಡಿ ನೋಡಿಲ್ಲ. ಅಮೆರಿಕಾದಾಗ ಅಂಥವರು ಅದಾರ.

ಈಗ ದೊಡ್ಡದಕ್ಕ ಬರತೀನಿ. ಇಪ್ಪತ್ತನಾಕು ತಾಸಿಗೆ ತಾನೇ ಅಳಿಸಿ ಹೋಗೂ ಚಿತ್ರ ಮತ್ತು ವಿಡಿಯೊ. ಇದರ ಮೊದಲಿನವರು ಸ್ನ್ಯಾಪ್‌ಚಾಟ್‌ನವರು, 2013ರ ಅಕ್ಟೋಬರ್‌ದಾಗ. ಹೆಸರು ಸ್ಟೋರಿ. ಅದೇ ಹೊತ್ತಿನಾಗ ಫೇಸ್‌ಬುಕ್‌ನ ಮಾಲಕ ಮಾರ್ಕ್ ಜುಕರ್‌ಬರ್ಗ್ ಆ ಕಂಪನಿಗೆ 300 ಕೋಟಿ ಡಾಲರ್ ಕೊಡ್ತೀನಿ ಅಂದಿದ್ದು, ಅವರು ಒಲ್ಲೆ ಅಂದಿದ್ದು ಪೇಪರ್‌ಗಳಾಗ ದೊಡ್ಡ ಸುದ್ದಿ ಆಗಿತ್ತು. ಇನ್‌ಸ್ಟಾಗ್ರಾಮ್ ಅವರು 2012ರಾಗ 100 ಕೋಟಿ ಡಾಲರ್‌ಗೆ ತಗೊಂಡಿದ್ದರು. ವಾಟ್ಸಾಪ್‌ಗೆ 2014ರಾಗ 1900 ಕೋಟಿ ಡಾಲರ್ ಅಂದಿದ್ದರು. ಸ್ನ್ಯಾಪ್‌ಚಾಟ್ ಸಿಗಲಿಲ್ಲ. ಸಿಗಲಿಲ್ಲ ಅಂದಮ್ಯಾಲ 2016ರ ಆಗಸ್ಟ್ 2ಕ್ಕ ಇನ್‌ಸ್ಟಾಗ್ರಾಮ್‌ದಾಗ ಸ್ಟೋರಿ ಬಂತು, ಹೆಸರು ಸುದ್ದಾ ಬದಲಿಸಲಿಲ್ಲ. 2017ರ ಫೆಬ್ರುವರಿಯಾಗ ವಾಟ್ಸಾಪ್‌ದಾಗ ಸ್ಟೇಟಸ್ ಅಂತ ಬಂತು. ಮಾರ್ಚ್‌ದಾಗ ಫೇಸ್‌ಬುಕ್ಕಿಗೆ ಬಂತು. ಒಬ್ಬನೇ ಮಾಲಕನ ಮೂರು ಮೇಳ, ಮೂರರಾಗೂ ಎದುರಿನವನ ಧಾಟಿ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಇನ್‌ಸ್ಟಾಗ್ರಾಮ್ ಕಟ್ಟಿದವ ಕೆವಿನ್ ಸಿಸ್ಟ್ರಾಮ್, ಆವಾಗ ಅದರ ಮುಖ್ಯಸ್ಥನೂ ಅವನೇ, ಇದರ ಶ್ರೇಯ ಸ್ನ್ಯಾಪ್‌ಚಾಟ್‌ನವರದು ಅಂತ ಪತ್ರಿಕೆಯವರ ಮುಂದ ಬಾಯಿ ಬಿಟ್ಟೇ ಒಪ್ಪಿಕೊಂಡ. ಈ ದೊಡ್ಡಿಸ್ತನ ನಮ್ಮ ಎಷ್ಟೋ ಮೇಳದವರಿಗೆ ಇಲ್ಲ. ಆದ್ರ ಅವ ಒಪ್ಪಿಕೊಂಡಿದ್ದು ಪತ್ರಿಕೆಯಾಗ. ಆ್ಯಪ್‌ನ ಒಳಗ ಸ್ಟೋರಿ ಮುಟ್ಟೂ ಹುಡುಗಿಗೆ ಇದು ಯಾರ ಧಾಟಿ ಅಂತ ಎಲ್ಲೂ ಕಾಣೂದಿಲ್ಲ.

ಇಷ್ಟು ಹೇಳಿದಮ್ಯಾಲ ನೀವು ನಾ ನಕಲನ್ನ ಬೈತೀನಿ ಅಂತ ತಿಳಕೊಂಡೀರಿ. ಬೈಯೂದಿಲ್ಲ. ವಾಟ್ಸಾಪ್ ಸ್ಟೇಟಸ್ಸು ನನ್ನ ಮಟ್ಟಿಗೆ ಮೂಲಕ್ಕಿಂತ ಛಲೋ ಆದ ನಕಲು. ಯೆಣೆಗೂರಾಗ ಸ್ನ್ಯಾಪ್‌ಚಾಟ್ ಅಂದ್ರ ಏನು ಅಂತ ಗೊತ್ತಿದ್ದವರು ಕಾಲೇಜಿಗೆ ಹೋಗೂ ಕೆಲವು ಹುಡುಗರು ಅಷ್ಟ. ಸ್ಟೇಟಸ್ ಇಡಲಾರದ ಮನಿ ಹುಡುಕಬೇಕು. ಉಮರ್ಗಾ ಕಡಿ ಮಳಿ ಆಯ್ತಾ ಅನ್ನೂದು ಸ್ಟೇಟಸ್‌ದಾಗ ಗೊತ್ತಾಗತದ. ಸೋಯಾಬೀನ್ ರಾಶಿ ಮಶೀನ್ ಯಾರ ಹೊಲಕ್ಕ ಬಂದದ, ಮಣ್ಣು ಎಷ್ಟು ಗಂಟೆಗೆ, ತುಳಜಾಪುರಕ್ಕ ನಡಕೋತ ಹೋದವರು ಎಲ್ಲಿ ಮುಟ್ಟ್ಯಾರ, ಎಲ್ಲಾ ಅದರಾಗೇ. ಮೊದಲ ನಮ್ಮೂರಾಗ ಹಲಗಿ ಬಾರಿಸಿ ಡಂಗುರ ಸಾರತಿದ್ದರು, ಮರಾಠಿಯವರು ದವಂಡಿ ಅಂತಾರ. ಡಂಗುರದ ಆಯುಷ್ಯ ಒಂದು ದಿನ. ನಿನ್ನಿನ ಡಂಗುರ ಇವತ್ತ ಯಾರಿಗೆ ಬೇಕು? ಇಪ್ಪತ್ತನಾಕು ತಾಸಿಗೆ ಅಳಿಯೂದು ಅನ್ನೂ ಗುಣ ಅಮೆರಿಕದ ಹುಡುಗರಿಗೆ ಚೇಷ್ಟಿಗಿ ಇತ್ತೇನೋ, ನಮ್ಮ ಹಳ್ಳಿಗೆ ಅದು ಡಂಗುರದ ಅಳತಿಗೆ ಸರಿಯಾಗಿ ಕೂತಿತು. ಮ್ಯಾಲ ಯಾರು ನೋಡ್ಯಾರ ಅನ್ನೂ ಯಾದಿ ಬ್ಯಾರೆ ಬರತದ. ಆಳಂದ ಕಡಿ ಕೊಟ್ಟ ಮಗಳು ತವರಮನಿ ಎಮ್ಮಿ ಈದದ್ದು ನೋಡ್ಯಾಳೋ ಇಲ್ಲೋ ಅಂತ ಮುದುಕಿ ಅದರಾಗ ಹುಡುಕತಾಳ.

ಆದ್ರ ಹೊಸದು ತರೂ ಭರದಾಗ ಅವರು ಒಂದು ಕೆಲಸ ಕೆಡಿಸಿದ್ದರು. ವಾಟ್ಸಾಪ್ ಹುಟ್ಟಿದ್ದೇ ಹೆಸರಿನ ಬಾಜೂಕ ಒಂದು ಸಾಲು ಬರದಿಡೂ ಸ್ಟೇಟಸ್ಸಿನಿಂದ. "ಹೊಲದಾಗ ಇದ್ದೀನಿ", "ಮೀಟಿಂಗ್‌ದಾಗ ಇದ್ದೀನಿ" ಇಂಥವು. ಎದುರಿನವನ ಧಾಟಿ ತರಬೇಕಾದ್ರ ತಮ್ಮ ಮೂಲ ಪಲ್ಲವಿನೇ ತಗದು ಹಾಕಿದರು. ಮಂದಿ ಗದ್ದಲ ಮಾಡಿದಮ್ಯಾಲ ಮುಂದಿನ ತಿಂಗಳೇ ಅದನ್ನ ತಿರುಗಿ ಇಟ್ಟರು. ಎರಡೂ ಉಳದವು, ಛಲೋ ಆಯ್ತು.

ಎಲ್ಲಾ ಹೊಲಕ್ಕ ಎಲ್ಲಾ ಬೀಜ ಒಗ್ಗೂದಿಲ್ಲ ಅನ್ನೂದಕ್ಕ ಟ್ವಿಟರ್ ನೋಡ್ರಿ. ಅದು ಮಾತಿನ ಕಟ್ಟಿ, ಅಲ್ಲಿ ಜಗಳ ಆಡವರು ತಾವು ಆಡಿದ್ದು ಉಳೀಲಿ ಅಂತ ಬಂದವರು. ಅಲ್ಲಿಗೆ 2020ರ ನವೆಂಬರ್‌ದಾಗ ಫ್ಲೀಟ್ ಅಂತ ಅಳಿಸಿ ಹೋಗೂ ಮಾಲು ತಂದರು. 2021ರ ಆಗಸ್ಟ್ 3ಕ್ಕ ಮುಚ್ಚಿದರು. ಒಂಬತ್ತು ತಿಂಗಳೂ ತುಂಬಲಿಲ್ಲ. ನೌಕರಿ ಹುಡುಕೂ ಲಿಂಕ್ಡ್‌ಇನ್ ಅನ್ನೂದು ಸುದ್ದಾ ಸ್ಟೋರಿ ತಂದು ಒಂದೇ ವರ್ಷದಾಗ ಕೈ ಬಿಟ್ಟಿತು. ನೌಕರಿ ಕೇಳಲಿಕ್ಕೆ ಹೋದವ ಅರ್ಜಿ ನಾಳೆ ಅಳಿಸಿ ಹೋಗಲಿ ಅಂತಾನೇನು?

ಇನ್ನ ಟಿಕ್‌ಟಾಕ್. ಇದರ ಬಗ್ಗೆ ನಾ ಜರಾ ಹೆಚ್ಚು ಬರಿಯವ. ಯಾಕಂದ್ರ ಇಲ್ಲಿ ನಮ್ಮ ಹಾಡು ಸಿಕ್ಕಿಹಾಕಿಕೊಂಡದ.

ಗಲ್ವಾನ್‌ದಾಗ ನಮ್ಮ ಸೈನಿಕರು ಸತ್ತಿದ್ದು 2020ರ ಜೂನ್ 15ಕ್ಕ. ಜೂನ್ 29ಕ್ಕ ಸರಕಾರ ಚೀನಾದ 59 ಆ್ಯಪ್ ಬಂದ್ ಮಾಡಿತು. ಟಿಕ್‌ಟಾಕ್ ಅದರಾಗ ಹೋಯ್ತು. ಆ ನಿರ್ಣಯದ ಬಗ್ಗೆ ನಾ ಇಲ್ಲಿ ಮಾತಾಡೂದಿಲ್ಲ, ಅದು ದೇಶದ ಸಂಗತಿ. ಆಮ್ಯಾಲ ಏನಾಯ್ತು ಅದು ನನ್ನ ವಿಷಯ. ಜುಲೈ 8ಕ್ಕ ಇನ್‌ಸ್ಟಾಗ್ರಾಮ್‌ನ ರೀಲ್ಸ್ ನಮ್ಮ ದೇಶಕ್ಕ ಬಂತು. ಲೆಕ್ಕ ಹಾಕ್ರಿ, ಒಂಬತ್ತು ದಿನ. ಒಂಬತ್ತು ದಿನದಾಗ ಯಾರೂ ಇಂಥದ್ದು ಕಟ್ಟಲಿಕ್ಕೆ ಆಗೂದಿಲ್ಲ. ಬ್ರೆಜಿಲ್ ದೇಶದಾಗ 2019ರ ನವೆಂಬರ್‌ಗೇ ಬಿತ್ತಿ ನೋಡಿದ್ದರು. ಬೀಜ ತಯಾರ ಇತ್ತು, ಹೊಲ ಖಾಲಿ ಆದ ಕೂಡಲೇ ಕೂರಿಗಿ ಹೂಡಿದರು. ಬೆಂಗಳೂರಿನ ಶೇರ್‌ಚಾಟ್‌ನವರು ಮೋಜ್ ತಂದರು, ಡೈಲಿಹಂಟ್‌ನವರು ಜೋಶ್ ತಂದರು. ಸೆಪ್ಟೆಂಬರ್‌ದಾಗ ಯೂಟ್ಯೂಬ್‌ನವರು ಶಾರ್ಟ್ಸ್ ತಂದರು, ಅದೂ ಜಗತ್ತಿನಾಗ ಮೊದಲ ನಮ್ಮ ದೇಶದಾಗೇ. ಉದ್ದ ಪರದೆ, ಬೆರಳಿಂದ ಮ್ಯಾಲ ದೂಡೂದು, ಹಿಂದ ಹಾಡು, ಬಾಜೂಕ ಹೃದಯದ ಗುರ್ತು. ಯಾವುದು ಯಾವ ಆ್ಯಪ್ ಅಂತ ಕನ್ನಡಕ ಹಾಕಿಕೊಂಡು ನೋಡಿದ್ರೂ ನನಗ ಗೊತ್ತಾಗೂದಿಲ್ಲ.

ಧಾಟಿ ಬಂತು, ಹಾಡವರು ಬರಲಿಲ್ಲ. ಹಂತಿ ಪದ ಹೇಳೂ ಮುದುಕರು, ಕಬ್ಬು ಕಡಿಯೂ ಹೆಣಮಕ್ಕಳು, ಎಮ್ಮಿ ಕಾಯೂ ಹುಡುಗರು, ಇವರು ಟಿಕ್‌ಟಾಕ್‌ದಾಗ ಕಂಡಿದ್ದು ಯಾಕ? ಅಲ್ಲಿ ನಿಮ್ಮ ಪರಿಚಯದವರದೇ ತೋರಸಬೇಕು ಅಂತ ಇರಲಿಲ್ಲ. ಯಾರದೋ ಊರಿನ ಯಾವನೋ ಹಾಡಿದ್ದು ನಿಮ್ಮ ಮುಂದ ಬಂದು ನಿಲ್ಲತಿತ್ತು. ಇನ್‌ಸ್ಟಾಗ್ರಾಮ್ ಹುಟ್ಟಿದ್ದು ಬ್ಯಾರೆ ಥರ. ನೀ ಯಾರನ್ನ ಹಿಂಬಾಲಿಸ್ತಿ ಅವರದು ನೋಡು ಅನ್ನೂದು ಅದರ ಪದ್ಧತಿ. ಅಲ್ಲಿ ಮೊದಲೇ ಹೆಸರಾದವರು, ಫೋಟೊದಾಗ ಚಂದ ಕಾಣವರು ಕೂತಿದ್ದರು. ನಮ್ಮವರು ಹೋಗಿ ಬಾಗಿಲ ಹೊರಗ ನಿಂತರು. ಆಮ್ಯಾಲ ಆಮ್ಯಾಲ ಅಪರಿಚಿತರದು ತೋರಿಸೂ ಪದ್ಧತಿನೂ ಇನ್‌ಸ್ಟಾಗ್ರಾಮ್ ಎತ್ತಿಕೊಂಡಿತು. ಎಷ್ಟು ಎತ್ತಿಕೊಂಡಿತು ಅಂದ್ರ 2022ರ ಜುಲೈದಾಗ ಅಮೆರಿಕಾದ ಹೆಸರಾದ ಹೆಣಮಕ್ಕಳೇ, ಕಿಮ್ ಕಾರ್ಡಶಿಯನ್ ಅಂಥವರು, ಇನ್‌ಸ್ಟಾಗ್ರಾಮ್‌ನ್ನ ಮೊದಲಿನಂಗ ಮಾಡ್ರಿ ಅಂತ ಕೂಗಿದರು. ಕಂಪನಿ ಕೆಲವು ಪ್ರಯೋಗ ಹಿಂದ ತಗೊಂಡಿತು. ದೊಡ್ಡವರು ಕೂಗಿದ್ರ ಕೇಳಸತದ. ಟಿಕ್‌ಟಾಕ್ ಹೋದಾಗ ನಮ್ಮ ಕಬ್ಬಿನ ಗ್ಯಾಂಗಿನವರೂ ಕೂಗಿರಬೇಕು, ಯಾರ ಕಿವಿಗೆ ಬಿತ್ತು?

ಟಿಕ್‌ಟಾಕ್‌ದಾಗ ನನಗ ಬಾಳ ಸೇರಿದ ಚೀಜು ಒಂದಿತ್ತು. ಒಬ್ಬರ ವಿಡಿಯೊದ ಬಾಜೂಕ ನಿಮ್ಮ ವಿಡಿಯೊ ಹಚ್ಚಬಹುದು. ಪರದೆ ಎರಡು ಭಾಗ, ಆ ಕಡಿ ಅವ, ಈ ಕಡಿ ನೀವು. "ಮುತ್ಯಾ, ಅದಕ್ಕ ಡುಯೆಟ್ ಅಂತಾರ" ಅಂದಳು ಮೊಮ್ಮಗಳು. ನಾ ಅಂದೆ, ಏನರ ಅನ್ನಲಿ ತಂಗಿ, ಇದು ನಮ್ಮ ಸವಾಲ್ ಜವಾಬು. ಎರಡು ಮೇಳ ಎದುರಾ ಎದುರಾ ಕೂತ ಕಟ್ಟಿ ಇದು. ಆ ಕಡಿ ಊರಿನ ಹರದೇಶಿಯವ ಸವಾಲ್ ಹಾಕಿದ್ರ ಈ ಕಡಿ ಊರಿನ ನಾಗೇಶಿಯಾಕಿ ಬಸ್ ಚಾರ್ಜ್ ಖರ್ಚು ಇಲ್ಲದೆ ಜವಾಬ್ ಕೊಡಬಹುದು. ಇನ್‌ಸ್ಟಾಗ್ರಾಮ್‌ನವರು 2021ರ ಮಾರ್ಚ್ ಕೊನಿಗೆ ರೀಮಿಕ್ಸ್ ಅಂತ ಇದನ್ನ ತಂದರು, ಯೂಟ್ಯೂಬ್‌ನವರೂ ಮುಂದ ಇಂಥದ್ದು ತಂದರು. ಸಂತೋಷ. ಧಾಟಿಗೆ ಜವಾಬ್ ಕೊಡಲಿಕ್ಕೆ ಜಾಗ ಮಾಡೂ ಕೈಗಡ ಇದು. ಆದ್ರ ನಾ ನೋಡಿದಷ್ಟು ರೀಮಿಕ್ಸ್‌ದಾಗ ಈ ಕಡಿಯವ ಬರೀ ನಗತಾನ, ಇಲ್ಲಂದ್ರ ಆ ಕಡಿಯವನಂಗೇ ಕುಣಿತಾನ. ಎದುರು ನಿಂತು ಅರ್ಥ ತಿರುಗಿಸವ ನೂರಕ್ಕ ಒಬ್ಬ ಸಿಕ್ಕರ ಹೆಚ್ಚು. ಇದು ಕಂಪನಿ ತಪ್ಪಲ್ಲ, ಕಟ್ಟಿ ಕಟ್ಟಿಕೊಟ್ಟರ ಸಾಲದು, ಹಾಡಕಿ ಕಲಿಬೇಕು. ಆದ್ರ ವೇಳೆ ಎಷ್ಟು ಕೊಡಬೇಕು ಅನ್ನೂದು ಕಂಪನಿಯದೇ ಕೈಯಾಗ ಅದ.

ರೀಲ್ಸ್ ಸುರು ಆದಾಗ ಹದಿನೈದು ಸೆಕೆಂಡ್. ಅದೇ ವರ್ಷ ಮೂವತ್ತು ಆಯ್ತು, 2021ರಾಗ ಅರವತ್ತು, 2022ರಾಗ ತೊಂಬತ್ತು, 2025ರ ಜನವರಿಯಾಗ ಮೂರು ನಿಮಿಷ. ಶಾರ್ಟ್ಸ್ ಒಂದು ನಿಮಿಷದ್ದು, ಅದೂ 2024ರ ಅಕ್ಟೋಬರ್‌ದಾಗ ಮೂರು ನಿಮಿಷಕ್ಕ ಬಂತು. ಆ ಕಡಿ ಟಿಕ್‌ಟಾಕ್ ತಾನೇ 2022ರಾಗ ಹತ್ತು ನಿಮಿಷಕ್ಕ ಏರಿತ್ತು, ಯೂಟ್ಯೂಬ್ ಆಗಬೇಕು ಅಂತ. ಯೂಟ್ಯೂಬ್ ಟಿಕ್‌ಟಾಕ್ ಆಗಲಿಕ್ಕೆ ಹೊಂಟಿತ್ತು. ಇವ ಅವನ ಧೋತರ ಉಟ್ಟ, ಅವ ಇವನ ಲುಂಗಿ ಸುತ್ತಿಕೊಂಡ, ಸಂತಿಯಾಗ ಇಬ್ಬರ ಹೆಣತಿರಿಗೂ ಗುರ್ತು ಸಿಗಲಿಲ್ಲ.

ಈ ಅಳತಿಯೊಳಗ ಗೀಗೀ ಪದಕ್ಕ ಏನಾಗತದ ಹೇಳತೀನಿ. ಸವಾಲ್ ಒಂದು ನಿಮಿಷದಾಗ ಹಾಡಬಹುದು. ಸವಾಲ್ ಅಂದ್ರ ಗಂಟು, ಗಂಟು ಸಣ್ಣದೇ ಇರತದ. ಜವಾಬ್ ಅಂದ್ರ ಅದನ್ನ ಬಿಚ್ಚೂದು. ಪುರಾಣದ ಕಥಿ ತರಬೇಕು, ಸಾಕ್ಷಿ ಕೊಡಬೇಕು, ಎದುರಿನವನ ಮಾತು ಅವನಿಗೇ ತಿರುಗಿಸಬೇಕು, ಕಡಿಗೆ ನಿನ್ನದೊಂದು ಗಂಟು ಹಾಕಿ ಬಿಡಬೇಕು. ಮೂರು ನಿಮಿಷದಾಗ ಪಲ್ಲವಿ ಆಗಿ ಎರಡು ನುಡಿ ಹತ್ತಿರ ಬರತಾವ ಅಷ್ಟ. ಹಿಂಗಾಗಿ ಮೊಬೈಲ್ ತುಂಬ ಸವಾಲ್ ಅವ, ಬೈಗಳ ಅವ, ಜವಾಬ್ ಇಲ್ಲ. ಗಂಡು ಹೆಚ್ಚು ಅಂದವಂದು ಓಡತದ, ಹೆಣ್ಣು ಹೆಚ್ಚು ಅಂದಾಕಿದೂ ಓಡತದ. ಯಾಕ ಹೆಚ್ಚು ಅನ್ನೂದು ಹೇಳಲಿಕ್ಕೆ ಹೋದ್ರ ಮಂದಿ ಬೆರಳು ದೂಡಿ ಮುಂದ ಹೋಗತಾರ. ಒಂದೇ ಆ್ಯಪ್ ಹಿಂಗಿದ್ದರ ಇದು ಬ್ಯಾಡಪ್ಪ ಅಂತ ಬ್ಯಾರೆ ಕಟ್ಟಿಗೆ ಹೋಗಬಹುದಿತ್ತು. ಎಲ್ಲರೂ ಒಬ್ಬರದೊಬ್ಬರು ಎತ್ತಿಕೊಂಡು ಎಲ್ಲಾ ಕಟ್ಟಿನೂ ಒಂದೇ ಅಳತಿ ಮಾಡ್ಯಾರ. ನನ್ನ ದೊಡ್ಡ ತಕರಾರು ಇದೇ. ನಮ್ಮ ಮೇಳಗಳು ಧಾಟಿ ಕೂಡಿಸಿಕೊಂಡು ಎರಡು ಪಕ್ಷ ಉಳಿಸಿಕೊಂಡವು. ಇವರು ಧಾಟಿ ಕೂಡಿಸಿಕೊಂಡು ಒಂದೇ ಪಕ್ಷ ಆಗಿ ಕೂತಾರ.

ಧಾಟಿಗೆ ಹೆಸರು ಹಚ್ಚೂ ಸಂಗತಿ ಇನ್ನೂ ಉಳದದ. ಮರಾಠಿ ಸಂಗೀತ ನಾಟಕದ ಹಳೆ ಪುಸ್ತಕ ತಗದು ನೋಡ್ರಿ, ಹಾಡಿನ ಮ್ಯಾಲ ಸಣ್ಣ ಅಕ್ಷರದಾಗ "ಚಾಲ" ಅಂತ ಹಾಕಿ ಯಾವ ಹಾಡಿನ ಧಾಟಿ ಅಂತ ಛಾಪಿಸಿರತಾರ. ನಮ್ಮ ಕಂಪನಿ ನಾಟಕದ ಪುಸ್ತಕದಾಗ "ಧಾಟಿ" ಅಂತ. ಸಾಲ ತಗೊಂಡಿದ್ದು ತಲಿ ಮ್ಯಾಲೇ ಬರದಿಟ್ಟಂಗ. ಈ ಕಡಿಯಿಂದ ಆ ಕಡಿಗೆ, ಆ ಕಡಿಯಿಂದ ಈ ಕಡಿಗೆ ಹೋಗಿ ಬಂದ ಸಾಲದ ಲೆಕ್ಕ ಗಡಿನಾಡಿನ ನಾವು ಗೊತ್ತಿರಿಸಿಕೋಬೇಕು. ಉತ್ತರ ಕನ್ನಡದ ಕರ್ಕಿ ಅನ್ನೂ ಊರಿನ ಭಾಗವತ ಮೇಳ 1842ರ ಹೊತ್ತಿಗೆ ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನ ನೋಡಿದ ಸಾಂಗಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯೊಳಗ ಇಂಥದ್ದು ಆಗಬೇಕು ಅಂತ ತಮ್ಮಲ್ಲಿದ್ದ ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. 1843ರಾಗ ಭಾವೆ ಅವರು ಸೀತಾ ಸ್ವಯಂವರ ಆಡಿಸಿದರು. ಮರಾಠಿ ನಾಟಕದ ಚರಿತ್ರಿ ಅಲ್ಲಿಂದ ಸುರು ಅಂತಾರ. ಅದೇ 1843ರಾಗ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಾಗ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. 1880ರಾಗ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿದರು. ಅವರ ನಾಟಕದ ಹಾಡುಗಳಾಗ ಕನ್ನಡದ ಧಾಟಿಗಳೂ ಅವ. ಮರಾಠಿ ಕಂಪನಿಗಳು ಗದಗ, ಹುಬ್ಬಳ್ಳಿ, ಧಾರವಾಡಕ್ಕ ಬಂದು ಮಂದಿ ಕೂಡಿಸಿದರು. ಅದನ್ನ ನೋಡಿದ ಸಕ್ಕರಿ ಬಾಳಾಚಾರ್ಯರು, ಶಾಂತಕವಿಗಳು ಅಂತ ಹೆಸರಾದವರು, ನಮ್ಮ ಮಾತಿನ್ಯಾಗ ಯಾಕ ಇರಬಾರದು ಅಂತ ಗದಗಿನಾಗ ಕನ್ನಡ ಮಂಡಳಿ ಕಟ್ಟಿದರು, ನಾಟಕ ಬರದರು.

ಇದೂ ಎದುರಾಳಿಯದು ಎತ್ತಿಕೊಂಡ ಕಥಿನೇ ಹೌದಲ್ಲ? ಸಾಂಗಲಿಯವರು ಕರ್ಕಿಯವರದು ಎತ್ತಿಕೊಂಡರು, ಗದಗಿನವರು ಮರಾಠಿಯವರದು ಎತ್ತಿಕೊಂಡರು. ಮಂದಿ ನಮ್ಮ ಕಡಿ ಬರಲಿ ಅನ್ನೂ ಆಸೆ ಅವರಿಗೂ ಇತ್ತು, ಟಿಕೀಟಿನ ರೊಕ್ಕದ ಲೆಕ್ಕ ಅವರಿಗೂ ಇತ್ತು. ಆದ್ರ ಪ್ರತಿ ಸಾರಿ ಕೈ ಬದಲಾದಾಗ ಹೊಸದೊಂದು ಹುಟ್ಟಿತು. ಬಯಲಿನ ಆಟ ಅರಮನಿ ಆಟ ಆಯ್ತು, ಅದು ಹಾಡಿನ ನಾಟಕ ಆಯ್ತು, ಮತ್ತೊಂದು ಭಾಷೆಯ ನಾಟಕ ಆಯ್ತು. ಕರ್ಕಿಯ ಹೆಸರು 180 ವರ್ಷ ಆದ್ರೂ ಮರಾಠಿ ಪುಸ್ತಕದಾಗ ಉಳದದ. ಆರು ಸೆಕೆಂಡ್‌ದ ವಿಡಿಯೊ ತೋರಸತಿದ್ದ ವೈನ್ ಅನ್ನೂ ಆ್ಯಪ್ 2013ರಾಗ ಬಂದು 2017ರಾಗ ಮುಚ್ಚಿತು. ಈ ಸಣ್ಣ ವಿಡಿಯೊದ ದಾರಿಯಾಗ ಅದು ಎಲ್ಲರಕಿಂತ ಮುಂದ ನಡದದ್ದು. ಅದರ ಹೆಸರು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಕಾನೂನು ಕೇಳಿದ್ರ ವಿಚಾರಕ್ಕ ಹಕ್ಕಿಲ್ಲ, ರೂಪ ಕೊಟ್ಟಿದ್ದಕ್ಕ ಹಕ್ಕು ಅದ ಅಂತದ. ಅದು ವಕೀಲರ ಮಾತು, ನಾ ಹೇಳೂದು ಕಟ್ಟಿ ಮ್ಯಾಲಿನ ಮರ್ಯಾದಿ.

ಒಂದು ಮಾತಿಗೆ ಟಿಕ್‌ಟಾಕ್‌ನವರನ್ನ ಹೊಗಳಬೇಕು. ಒಬ್ಬರ ಹಾಡಿನ ದನಿ ಇನ್ನೊಬ್ಬರು ಬಳಸಿದ್ರ ಕೆಳಗ ಆ ದನಿ ಯಾರದು ಅಂತ ತಾನೇ ಓಡತಿರತದ. ರೀಲ್ಸ್, ಶಾರ್ಟ್ಸ್ ಎರಡೂ ಇದನ್ನ ತಗೊಂಡಾವ. ನಾಟಕದ ಪುಸ್ತಕದ "ಚಾಲ" ಇದ್ದಂಗ. ನೋಡಿ ನನಗ ಖುಷಿ ಆಗಿತ್ತು. ಆದ್ರ ಯಂತ್ರಕ್ಕ ಗೊತ್ತಿರೂದು ಮೊದಲ ಏರಿಸಿದವ ಯಾರು ಅನ್ನೂದು ಮಾತ್ರ, ಮೊದಲ ಹಾಡಿದವ ಯಾರು ಅಂತಲ್ಲ. ಎರಡು ವರ್ಷದ ಹಿಂದ ಒಂದು ಜಾತ್ರಿಯಾಗ ನಮ್ಮ ಮೇಳ ಹಾಡಿದ್ದನ್ನ ಯಾವನೋ ಮೊಬೈಲ್‌ದಾಗ ತುಂಬಿಕೊಂಡು ಹೋಗಿ ಹಾಕಿದ. ಹಾಡು ನಾ ಕಟ್ಟಿದ್ದು, ಧಾಟಿ ನನ್ನ ಗುರುಗಳದು. ಕೆಳಗ "ಒರಿಜಿನಲ್ ಆಡಿಯೊ" ಅಂತ ಬಂದು ಅವನ ಹೆಸರು ಓಡತದ. ಸಾವಿರಗಟ್ಟಲೆ ಹುಡುಗರು ಟ್ರ್ಯಾಕ್ಟರ್ ತೋರಿಸೂ ವಿಡಿಯೊಕ್ಕೆ ಅದನ್ನ ಹಚ್ಯಾರ. ಹೆಣ್ಣಿನ ಹಿರಿಮಿ ಹೇಳೂ ನಾಗೇಶಿ ಪದ, ಅದಕ್ಕ ಟ್ರ್ಯಾಕ್ಟರ್ ಮುಂದಿನ ಗಾಲಿ ಎತ್ತೂದು ತೋರಸ್ಯಾರ. ಆ ಹುಡುಗನ್ನ ನಾ ಹುಡುಕಲಿಕ್ಕೆ ಹೋಗಿಲ್ಲ. ರೊಕ್ಕ ಬೇಕಾಗಿಲ್ಲ. ಗುರುಗಳ ಹೆಸರಿನ ಜಾಗದಾಗ ಅವನ ಹೆಸರು ನೋಡೂದು ಆಗೂದಿಲ್ಲ ಅಷ್ಟ. ಹೆಸರು ಹಚ್ಚೂ ಪದ್ಧತಿನ ಒಬ್ಬರಿಂದೊಬ್ಬರು ತಗೊಂಡರು, ಅದರಾಗಿನ ತೂತು ಸುದ್ದಾ ಹಂಗೇ ತಗೊಂಡರು. ಮುಚ್ಚಬೇಕು ಅಂತ ಒಬ್ಬನಿಗೂ ಅನ್ನಿಸಿಲ್ಲ.

ಭಾಷೆ ಬಗ್ಗೆ ಬರಿಯಲಾರದೆ ಬಿಟ್ಟರ ಈ ಊರಿನವ ಬರದಂಗ ಆಗೂದಿಲ್ಲ. ಕೂ ಅಂತ ಬೆಂಗಳೂರಿನ ಹಳದಿ ಹಕ್ಕಿ 2020ರಾಗ ಬಂತು. ಟ್ವಿಟರಿನ ನೀಲಿ ಹಕ್ಕಿ ನೋಡಿ ಮಾಡಿದ್ದು ಅಂತ ಕುರುಡನೂ ಹೇಳತಿದ್ದ. ಆದ್ರ ನಮ್ಮ ನಮ್ಮ ಮಾತಿನ್ಯಾಗ ಬರಿರಿ ಅಂತ ಜಾಗ ಕೊಟ್ಟಿತ್ತು, ಕನ್ನಡ ಅದರಾಗ ಇತ್ತು. ನಕಲಾದ್ರೂ ಅದರಾಗ ಜವಾಬ್ ಇತ್ತು ಅಂತ ನಾ ಮಾನ ಕೊಡ್ತೀನಿ. 2024ರ ಜುಲೈದಾಗ ಅದು ಮುಚ್ಚಿತು. ಶೇರ್‌ಚಾಟ್ ಇನ್ನೂ ಅದ. ಅದನ್ನ ತಗದ ಕೂಡಲೇ ನಿನ್ನ ಭಾಷೆ ಆರಿಸು ಅಂತದ. ಕನ್ನಡ ಒತ್ತಿದ್ರ ಬೆಂಗಳೂರು, ಮಂಡ್ಯದ ಮಾತು ಬರತದ. ಮರಾಠಿ ಒತ್ತಿದ್ರ ಪುಣೆ, ನಾಸಿಕದ್ದು ಬರತದ. ಯೆಣೆಗೂರಿನವ ಏನು ಒತ್ತಬೇಕು? ನಾವು ಮನಿಯಾಗ ಕನ್ನಡ ಆಡತೀವಿ, ಬಾಜಾರದಾಗ ಮರಾಠಿ ಆಡತೀವಿ, ಹಾಡಿನಾಗ ಎರಡೂ ಕಲಿಸ್ತೀವಿ. ನನ್ನ ಸವಾಲಿನ ಪದದಾಗ ಮೂರನೇ ನುಡಿ ಮರಾಠಿಯೊಳಗ ಅದ, ಅದನ್ನ ಕೇಳಿ ಮಂದಿ ಎದ್ದು ನಿಲ್ಲತಾರ. ನಿಜಾಮನ ರಾಜ್ಯ ಇದ್ದಾಗ ಉರ್ದು ಸುದ್ದಾ ಕೂಡತಿತ್ತು, 1956ರಾಗ ಗಡಿ ಹಾಕಿದಮ್ಯಾಲನೂ ಹಾಡಿಗೆ ಗಡಿ ಬಿದ್ದಿಲ್ಲ. ಒಂದು ಭಾಷೆ ಆರಿಸು ಅನ್ನೂ ಪ್ರಶ್ನೆನ ಒಬ್ಬ ಕಂಪನಿಯವ ಸುರು ಮಾಡಿದ, ಉಳದವರು ಎತ್ತಿಕೊಂಡರು. ಗಡಿಯಾಗ ಕೂತು ಎರಡು ಮಾತು ಆಡವರದೊಂದು ಜಾಗ ಮಾಡಬೇಕು ಅನ್ನೂ ವಿಚಾರ ಯಾವನಾದ್ರೂ ಒಬ್ಬ ಮಾಡಿದ್ದರ, ಉಳದವರು ಒಂಬತ್ತು ದಿನದಾಗ ನಕಲ ಹೊಡಿತಿದ್ದರು. ಅಂಥ ನಕಲಿಗೆ ನಾ ಹಾರ ಹಾಕತಿದ್ದೆ.

ಈಗ ನಮ್ಮ ಮೇಳದಾಗ ಹಿಂಗ ಮಾಡೀವಿ. ಯಾರರ ಮೊಬೈಲ್ ಹಿಡಿದು ಮುಂದ ನಿಂತರ, ಪಲ್ಲವಿ ಮೊದಲು ಧಾಟಿ ಯಾವ ಗುರುವಿಂದು, ಪದ ಕಟ್ಟಿದವರು ಯಾವ ಊರವರು ಅಂತ ಡಪ್ಪು ಬಾರಿಸಿಕೋತ ಹೇಳೇ ಸುರು ಮಾಡತೀವಿ. ನಮ್ಮ ಹೆಸರು ಹಾಡಿನ ಹೊಟ್ಟಿಯಾಗೇ ಇದ್ದರ ಕೆಳಗ ಯಾವನ ಹೆಸರು ಓಡಿದ್ರೇನು. ಹದಿಮೂರು ಸೆಕೆಂಡ್ ಅದರಾಗ ಹೋಗತಾವ. ಮೊನ್ನಿ ಒಂದು ನಾಗೇಶಿ ಜವಾಬ್ ಪೂರ್ತಿ ಹಾಡಿ ತುಂಬಿಸಿದೆವು, ಹನ್ನೊಂದು ನಿಮಿಷ ಆಯ್ತು. ಮೊಮ್ಮಗಳು ನಾಕು ತುಕಡಿ ಮಾಡಿ ಹಾಕಿದಳು. ಮೊದಲ ತುಕಡಿ ಬಾಳ ಮಂದಿ ನೋಡ್ಯಾರ, ಎರಡನೇದು ಅದಕ್ಕಿಂತ ಕಡಿಮಿ, ನಾಕನೇದು ನಮ್ಮ ಮೇಳದವರು, ಬೀಗರು ನೋಡ್ಯಾರ. ಎದುರಿನ ಹರದೇಶಿ ಮೇಳದ ಹಿರಿಯರು ನಾಕೂ ನೋಡಿ ಫೋನ್ ಮಾಡಿದರು. ಮೂರನೇ ತುಕಡಿಯಾಗಿನ ಸಾಕ್ಷಿ ತಪ್ಪದ, ಶಿವರಾತ್ರಿಗೆ ಕಟ್ಟಿಗೆ ಬರ್ರಿ, ಅಲ್ಲೇ ಜವಾಬ್ ಕೊಡ್ತೀವಿ ಅಂದಾರ.